ನಾಯಿ ಮೇಲೋ, ಬೆಕ್ಕು ಮೇಲೋ?

ಮನೆಯಲ್ಲಿ ಸಾಕಿಕೊಳ್ಳುವುದಕ್ಕೆ ನಾಯಿ ಮೇಲೋ ಬೆಕ್ಕು ಮೇಲೋ ಎಂಬ ಪ್ರಶ್ನೆ ಹೊಸದಲ್ಲ. ನಾಲ್ಕು ಮಂದಿ ವಿದ್ಯಾವಂತರು ಒಂದೆಡೆ ಕುಳಿತು ಕಾಫಿ ಕುಡಿಯುವಾಗ ಈ ಮಾತು ಎದ್ದಿತೆಂದರೆ, ಬಟ್ಟಲು ಬರಿದಾಗುವುದರೊಳಗೆ ಸಭೆಯು ಎರಡು ಪಕ್ಷವಾಗಿರುತ್ತದೆ. ಒಂದು ಪಕ್ಷದವರಿಗೆ ಬೆಕ್ಕು ಕೃತಘ್ನ, ಕಳ್ಳ, ಸ್ವಾರ್ಥಿ. ಇನ್ನೊಂದು ಪಕ್ಷದವರಿಗೆ ನಾಯಿಯು ಒದ್ದರೂ ಬಾಲವಾಡಿಸುವ ಗುಲಾಮ. ಇಬ್ಬರೂ ತಂತಮ್ಮ ಮನೆಯ ಪ್ರಾಣಿಯನ್ನೇ ಸಾಕ್ಷಿಯಾಗಿ ನಿಲ್ಲಿಸುತ್ತಾರೆ. ಚರಿತ್ರೆಯನ್ನು ಸಾಕ್ಷಿಗೆ ಕರೆಯುವವರು ಮಾತ್ರ ವಿರಳ. ಈ ಹೊತ್ತು ಅದನ್ನು ಕರೆದು, ಅದು ಏನು ಹೇಳುತ್ತದೆಂಬುದನ್ನು ಕೇಳೋಣ.

ಮೊದಲು ನಾಯಿಯ ಮಾತು. ನಾಯಿಯು ತೋಳನ ವಂಶದ್ದು. ಮನುಷ್ಯನು ಇನ್ನೂ ನೇಗಿಲನ್ನು ಕಾಣದೆ, ಊರನ್ನು ಕಟ್ಟದೆ, ಬೇಟೆಯಾಡಿಕೊಂಡು ಅಲೆಯುತ್ತಿದ್ದ ಕಾಲದಲ್ಲಿಯೇ ಅದು ಅವನ ಜೊತೆಗೆ ಬಂದಿತು. ದನ, ಕುರಿ, ಕುದುರೆ, ಕೋಳಿ ಇವೆಲ್ಲವೂ ಅದರ ಅನಂತರ ಬಂದವು. ಜರ್ಮನಿಯ ಬಾನ್ ನಗರದ ಬಳಿ ಓಬರ್‌ಕಾಸೆಲ್ ಎಂಬಲ್ಲಿ 1914ರಲ್ಲಿ ಕಲ್ಲುಗಣಿಯ ಕೆಲಸಗಾರರಿಗೆ ಒಂದು ಗೋರಿ ಕಾಣಿಸಿತು. ಸುಮಾರು 14,000 ವರ್ಷಗಳ ಹಿಂದಿನ ಆ ಗೋರಿಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು, ಅವರೊಡನೆ ಸುಮಾರು ಏಳು ತಿಂಗಳ ಒಂದು ನಾಯಿಮರಿ ಇದ್ದವು. ಆ ಮರಿಯ ಹಲ್ಲುಗಳನ್ನು ಪರೀಕ್ಷಿಸಿದ ವಿದ್ವಾಂಸರು 2018ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು. ಡಿಸ್ಟೆಂಪರ್ ಎಂಬ ನಾಯಿಗಳ ಜಾಡ್ಯದಿಂದ ಅದು ವಾರಗಟ್ಟಲೆ ನರಳಿತ್ತು. ಯಾರಾದರೂ ಅದನ್ನು ಬೆಚ್ಚಗಿಟ್ಟು, ನೀರುಣಿಸಿ, ಉಪಚರಿಸದೆ ಇದ್ದಿದ್ದರೆ ಅಷ್ಟು ಕಾಲ ಬದುಕುತ್ತಿರಲಿಲ್ಲ. ಬೇಟೆಗೂ ಬಾರದ, ಕಾವಲಿಗೂ ಬಾರದ ರೋಗಿಷ್ಠ ಮರಿ ಅದು. ಅದರಿಂದ ಯಾರಿಗೂ ಏನೂ ಲಾಭವಿರಲಿಲ್ಲ. ಆದರೂ ಅದನ್ನು ಸಾಕಿದರು, ಸತ್ತವರ ಪಕ್ಕದಲ್ಲಿ ಮಲಗಿಸಿದರು.

ಬೆಕ್ಕಿನ ಕಥೆ ಬೇರೆ. ಮನುಷ್ಯನು ಪಶ್ಚಿಮ ಏಷ್ಯದಲ್ಲಿ ಬೆಳೆ ತೆಗೆದು ಕಾಳನ್ನು ಕೂಡಿಡತೊಡಗಿದ ಮೇಲೆ ಕಣಜಕ್ಕೆ ಇಲಿ ಬಂದಿತು. ಇಲಿಯ ಹಿಂದೆ ಕಾಡುಬೆಕ್ಕು ಬಂದಿತು. ಅದನ್ನು ಯಾರೂ ಹಿಡಿದು ತರಲಿಲ್ಲ. ತನಗೆ ಅನುಕೂಲವೆಂದು ಕಂಡು ತಾನೇ ಬಂದಿತು. ಸೈಪ್ರಸ್ ದ್ವೀಪದ ಶಿಲ್ಲೂರೋಕಾಂಬೋಸ್ ಎಂಬ ಹಳೆಯ ನೆಲೆಯಲ್ಲಿ ಸುಮಾರು 9,500 ವರ್ಷಗಳ ಹಿಂದೆ ಒಬ್ಬ ಮನುಷ್ಯನ ಗೋರಿಯ ಪಕ್ಕದಲ್ಲಿಯೇ ಒಂದು ಬೆಕ್ಕನ್ನು ಹೂಳಿದ್ದುದು 2004ರಲ್ಲಿ ಲೋಕಕ್ಕೆ ತಿಳಿಯಿತು. ಆ ದ್ವೀಪದಲ್ಲಿ ಸ್ವತಃ ಬೆಕ್ಕುಗಳಿರಲಿಲ್ಲ. ಯಾರೋ ಅದರ ಕುಲವನ್ನು ದೋಣಿಯಲ್ಲಿಟ್ಟುಕೊಂಡು ಸಮುದ್ರ ದಾಟಿಸಿದ್ದರು. ಅಂತೂ ಬೆಕ್ಕು ಬಂದ ದಾರಿ ಬೇಟೆಯ ದಾರಿಯಲ್ಲ, ಧಾನ್ಯದ ದಾರಿ.

ಇಲ್ಲಿಯೇ ನಮ್ಮ ಪ್ರಶ್ನೆಗೆ ಬೇಕಾದ ಮುಖ್ಯವಾದ ಎಳೆ ಸಿಕ್ಕುತ್ತದೆ. ಈ ಎರಡು ಪ್ರಾಣಿಗಳೂ ನಮ್ಮೊಡನೆ ಒಂದೊಂದು ಒಡಂಬಡಿಕೆ ಮಾಡಿಕೊಂಡು ಬಂದವು. ಆದರೆ ಎರಡು ಒಡಂಬಡಿಕೆಗಳೂ ಒಂದೇ ಅಲ್ಲ. ತೋಳನು ಹಿಂಡಿನಲ್ಲಿ ಬಾಳುವ ಪ್ರಾಣಿ. ಅದರ ಸಂತತಿಯಾದ ನಾಯಿಯು ಮನುಷ್ಯನನ್ನೇ ತನ್ನ ಹಿಂಡೆಂದು ಭಾವಿಸಿ, ಅವನೊಡನೆ ಕರಾರು ಮಾಡಿಕೊಂಡಿತು. ಕಾಡುಬೆಕ್ಕು ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ಅದು ಕರಾರು ಮಾಡಿಕೊಂಡದ್ದು ಮನುಷ್ಯನೊಡನೆ ಅಲ್ಲ, ಅವನ ಕಣಜದೊಡನೆ, ಅವನ ಮನೆಯೊಡನೆ. ಯಜಮಾನನು ಊರು ಬಿಟ್ಟರೆ ನಾಯಿ ಗಾಡಿಯ ಹಿಂದೆ ಓಡುತ್ತದೆ, ಬೆಕ್ಕು ಹಳೆಯ ಮನೆಯ ಅಟ್ಟಕ್ಕೆ ಹಿಂದಿರುಗುತ್ತದೆ ಎಂದು ನಮ್ಮ ಹಿರಿಯರು ಹೇಳುವುದುಂಟು. ಅವರ ಮಾತಿನಲ್ಲಿ ನಿಂದೆ ಇರಬಹುದು. ನಿಂದೆಯನ್ನು ತೆಗೆದುಹಾಕಿದರೆ ಉಳಿಯುವುದು ಸತ್ಯವೇ. ಬೆಕ್ಕು ಕೃತಘ್ನವೆಂಬ ದೂರೂ ನಾಯಿ ಗುಲಾಮನೆಂಬ ದೂರೂ ಹುಟ್ಟುವುದು ಒಂದರ ಪತ್ರವನ್ನು ಹಿಡಿದು ಇನ್ನೊಂದನ್ನು ವಿಚಾರಣೆ ಮಾಡುವುದರಿಂದ.

ಒಡಂಬಡಿಕೆಯೆಂದ ಮೇಲೆ ಎರಡು ಕಡೆಯವರಿರುತ್ತಾರಷ್ಟೆ. ನಾಯಿ ಬೆಕ್ಕುಗಳು ತಮ್ಮ ಕಡೆಯ ಮಾತನ್ನು ಸಾವಿರಾರು ವರ್ಷಗಳಿಂದ ಹೆಚ್ಚು ಕಡಿಮೆ ಒಂದೇ ರೀತಿಯಲ್ಲಿ ನಡೆಸಿಕೊಂಡು ಬಂದಿವೆ. ನಮ್ಮ ಕಡೆಯ ನಡತೆ ಹೇಗೆ?

ಬೆಕ್ಕಿಗೆ ಅತ್ಯಂತ ಗೌರವ ತೋರಿದ ದೇಶ ಈಜಿಪ್ಟ್. ಕ್ರಿ.ಪೂ. 5ನೆಯ ಶತಮಾನದಲ್ಲಿ ಆ ದೇಶದ ವಿಷಯವನ್ನು ಬರೆದ ಗ್ರೀಕ್ ಚರಿತ್ರಕಾರ ಹೆರೊಡೋಟಸನು ನಮ್ಮ ಈ ಚರ್ಚೆಗೇ ಹೇಳಿ ಮಾಡಿಸಿದಂಥ ಒಂದು ವಿಷಯವನ್ನು ತಿಳಿಸುತ್ತಾನೆ. ಮನೆಯಲ್ಲಿ ಬೆಕ್ಕು ಸತ್ತರೆ ಅಲ್ಲಿನವರು ಹುಬ್ಬನ್ನು ಮಾತ್ರ ಬೋಳಿಸಿಕೊಳ್ಳುತ್ತಿದ್ದರಂತೆ; ನಾಯಿ ಸತ್ತರೆ ತಲೆಯನ್ನೂ ಮೈಯನ್ನೂ ಬೋಳಿಸಿಕೊಳ್ಳುತ್ತಿದ್ದರಂತೆ. ಬೆಕ್ಕಿನ ಮುಖದ ದೇವತೆಯಾದ ಬಾಸ್ಟೆಟ್ಟಳಿಗೆ ಬುಬಾಸ್ಟಿಸ್ ಎಂಬ ಕ್ಷೇತ್ರವೇ ಇದ್ದ ದೇಶದಲ್ಲಿಯೂ ಶೋಕದ ತಕ್ಕಡಿ ನಾಯಿಯ ಕಡೆಗೇ ತೂಗಿತೆಂಬುದು ಸೋಜಿಗ. ಆದರೆ ಪೂಜೆಯೆಲ್ಲವೂ ಪ್ರೀತಿಯಲ್ಲ. ಹರಕೆಯಾಗಿ ಒಪ್ಪಿಸಿದ ಬೆಕ್ಕಿನ ಮಮ್ಮಿಗಳನ್ನು ಈಚೆಗೆ ಎಕ್ಸ್‌ರೇ ಹಿಡಿದು ನೋಡಿದಾಗ, ಅವುಗಳಲ್ಲಿ ಅನೇಕ ಎಳೆಯ ಬೆಕ್ಕುಗಳ ಕೊರಳನ್ನು ಮುರಿದಿರುವುದು ಕಂಡುಬಂದಿತು. ಭಕ್ತರಿಗೆ ಮಾರುವುದಕ್ಕೋಸ್ಕರವೇ ಅವುಗಳನ್ನು ಸಾಕಿ ಕೊಲ್ಲುತ್ತಿದ್ದರು. ಇನ್ನು ಆ ಮಮ್ಮಿಗಳ ಗತಿಯಾದರೂ ಏನಾಯಿತು? 1890ರಲ್ಲಿ ಸುಮಾರು 1,80,000 ಬೆಕ್ಕುಗಳ ಅವಶೇಷವನ್ನು ಹಡಗಿನಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿಗೆ ಸಾಗಿಸಿ, ಹೊಲದ ಗೊಬ್ಬರಕ್ಕೆಂದು ಹರಾಜು ಹಾಕಿದರು.

ಯೂರೋಪಿನಲ್ಲಿ ಬೆಕ್ಕು ದೇವತೆಯ ಪೀಠದಿಂದ ಇಳಿದು ಮಾಟಗಾತಿಯ ಸಂಗಾತಿಯಾಯಿತು. ಬೆಲ್ಜಿಯಂ ದೇಶದ ಈಪ್ರ್ ನಗರದಲ್ಲಿ ಜೀವಂತ ಬೆಕ್ಕುಗಳನ್ನು ಗೋಪುರದ ಮೇಲಿಂದ ಕೆಳಕ್ಕೆ ಎಸೆಯುವುದು ಒಂದು ಉತ್ಸವವಾಗಿತ್ತು; ಅದು ನಿಂತದ್ದು 1817ರ ಅನಂತರ. 1665ರಲ್ಲಿ ಲಂಡನಿನಲ್ಲಿ ಮಹಾಮಾರಿ ಹಬ್ಬಿದಾಗ ರೋಗವನ್ನು ಹರಡುವವು ಇವೇ ಎಂಬ ಭ್ರಾಂತಿಯಿಂದ ನಗರದ ಅಧಿಕಾರಿಗಳು ನಾಯಿ ಬೆಕ್ಕುಗಳೆರಡನ್ನೂ ಕೊಲ್ಲಿಸಿದರು. ಅದೇ ಇಂಗ್ಲೆಂಡಿನಲ್ಲಿ 1859ರಲ್ಲಿ ನ್ಯೂಕಾಸಲಿನ ನಾಯಿಗಳ ಪ್ರದರ್ಶನವೂ, 1871ರಲ್ಲಿ ಕ್ರಿಸ್ಟಲ್ ಪ್ಯಾಲೇಸಿನ ಬೆಕ್ಕುಗಳ ಪ್ರದರ್ಶನವೂ ನಡೆದು, ಅವುಗಳಿಗೆ ಬಹುಮಾನ ಹಂಚಿದರು. ಎರಡು ಶತಮಾನಗಳಲ್ಲಿ ಬೆಕ್ಕಿನ ಸ್ವಭಾವವೇನೂ ಬದಲಾಗಿರಲಿಲ್ಲ. ಬದಲಾದದ್ದು ಮನುಷ್ಯನ ಮನಸ್ಸು.

ನಮ್ಮ ದೇಶದವರು ಇದಕ್ಕೆ ಹೊರತೆಂದು ಬೀಗುವಂತಿಲ್ಲ. ನಾಯಿ ಮುಟ್ಟಿದರೆ ಮೈಲಿಗೆಯೆಂದವರೂ ನಾವೇ. ತನ್ನ ಹಿಂದೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆನೆಂದ ಧರ್ಮರಾಯನನ್ನು ಪೂಜಿಸಿದವರೂ ನಾವೇ. ಬೆಕ್ಕಿನ ವಿಷಯದಲ್ಲಿಯೂ ಹಾಗೆಯೇ. ಮಹಾಭಾರತದ ಉದ್ಯೋಗಪರ್ವದಲ್ಲಿ ತಪಸ್ಸಿನ ವೇಷ ಹಾಕಿ ಇಲಿಗಳನ್ನು ನುಂಗುವ ಬೆಕ್ಕಿನ ಕಥೆ ಇದೆ. ಒಂಟಿಕಾಲಿನಲ್ಲಿ ನಿಂತ ಕಪಟಸಂನ್ಯಾಸಿ ಬೆಕ್ಕನ್ನು ಮಹಾಬಲಿಪುರದ ಬಂಡೆಯ ಮೇಲೆ ಪಲ್ಲವರ ಶಿಲ್ಪಿಗಳು 7ನೆಯ ಶತಮಾನದಲ್ಲಿ ಕೆತ್ತಿದ್ದಾರೆ. ಆದರೆ ಶ್ರೀವೈಷ್ಣವರಲ್ಲಿ ತೆಂಗಲೆಯ ಆಚಾರ್ಯರು, ಭಗವಂತನು ಭಕ್ತನನ್ನು ತಾನಾಗಿಯೇ ಎತ್ತಿಕೊಂಡು ಕಾಪಾಡುವ ಕರುಣೆಯನ್ನು ವಿವರಿಸುವುದಕ್ಕೆ ಆರಿಸಿಕೊಂಡದ್ದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೋಗುವ ತಾಯಿಬೆಕ್ಕನ್ನೇ. ಒಂದೇ ಬಾಯಿ, ಇಲಿಯ ಕಡೆಯಿಂದ ನೋಡಿದವರಿಗೆ ಕಪಟ, ಮರಿಯ ಕಡೆಯಿಂದ ನೋಡಿದವರಿಗೆ ದೈವಕೃಪೆ.

ಆದರೆ ಕನ್ನಡನಾಡು ತನ್ನ ಕಡೆಯ ಮಾತನ್ನು ಉಳಿಸಿಕೊಂಡುದಕ್ಕೆ ಒಂದು ಕಲ್ಲಿನ ಸಾಕ್ಷಿ ಇದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನ ಅದು, ಕಾಲ ಕ್ರಿ.ಶ. 949–50. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನೂ ಗಂಗರ ಇಮ್ಮಡಿ ಬೂತುಗನೂ ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಸೋಲಿಸಿದರು. ಚೋಳ ರಾಜಾದಿತ್ಯನು ಮಡಿದನು. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರನಿಗೆ ಬೂತುಗನು ಮೆಚ್ಚಿ, ಬೇಕಾದುದನ್ನು ಕೇಳೆಂದನು. ಮಣಲೆರನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿಯನ್ನು ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟಾಗ, ನಾಯಿ ಹಂದಿಗಳೆರಡೂ ಕಾದಾಡಿ ಒಟ್ಟಿಗೆ ಸತ್ತವು. ಮಣಲೆರನು ನಾಯಿಯ ನೆನಪಿಗೆ ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ವೀರಗಲ್ಲನ್ನು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಟ್ಟನು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಹೋರಾಡುವ ಚಿತ್ರವನ್ನು ಇಂದಿಗೂ ನೋಡಬಹುದು. ಚಕ್ರವರ್ತಿಯ ದಿಗ್ವಿಜಯವನ್ನು ಹೇಳುವ ಕಲ್ಲಿನಲ್ಲಿಯೇ ಒಂದು ನಾಯಿಯ ಹೆಸರು ಉಳಿದಿದೆ. ಅದೂ ಪೂಜೆಯೇ ನಿಜ. ಆದರೆ ಬುಬಾಸ್ಟಿಸಿನ ಪೂಜೆಯಂತೆ ಕೊಂದು ಮಾಡಿದ್ದಲ್ಲ, ಕಳೆದುಕೊಂಡು ಮಾಡಿದ್ದು.

ಬೆಕ್ಕಿಗೆ ನಮ್ಮಲ್ಲಿ ಅಂಥ ಕಲ್ಲನ್ನು ಯಾರೂ ನಿಲ್ಲಿಸಿದಂತೆ ಕಾಣೆವು. ಅದರ ಸೇವೆ ನಡೆಯುವುದು ರಣರಂಗದಲ್ಲಲ್ಲ, ಕತ್ತಲೆಯ ಅಟ್ಟದಲ್ಲಿ. ಇಲಿಯ ಕಾಟ ಹೆಚ್ಚಿ ಕೃಷ್ಣದೇವರಾಯನು ಮನೆಮನೆಗೂ ಬೆಕ್ಕನ್ನು ಕೊಡಿಸಿದನೆಂದೂ, ತೆನಾಲಿ ರಾಮಕೃಷ್ಣನು ತನ್ನ ಬೆಕ್ಕಿಗೆ ಬಿಸಿ ಹಾಲು ತೋರಿಸಿ ಹೆದರಿಸಿದನೆಂದೂ ಹೇಳುವ ಕಟ್ಟುಕಥೆಯನ್ನು ಎಲ್ಲರೂ ಬಲ್ಲರು. ಕಥೆಯಲ್ಲಿ ನಗೆಯುಂಟು, ಇಲಿಯ ಭಯ ಮಾತ್ರ ನಗೆಯ ವಿಷಯವಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಇಲಿಯ ಮೈಮೇಲಿನ ಚಿಗಟದಿಂದ ಅದು ಹರಡುವುದೆಂಬುದನ್ನು ಫ್ರೆಂಚ್ ವೈದ್ಯ ಸೀಮಾಂಡನು ಕರಾಚಿಯಲ್ಲಿ ಕಂಡುಹಿಡಿದದ್ದೂ ಅದೇ ವರ್ಷ. ಹತ್ತು ವರ್ಷಗಳ ತರುವಾಯ ಮಧ್ಯ ಇಂಡಿಯದಲ್ಲಿ ವೈದ್ಯಾಧಿಕಾರಿಯಾಗಿದ್ದ ಬುಖಾನನ್ ಎಂಬವರು, ಬೆಕ್ಕು ಹೆಚ್ಚಾಗಿರುವ ಹಳ್ಳಿಗಳಲ್ಲಿ ಪ್ಲೇಗು ಕಡಿಮೆಯೆಂದು ವಾದಿಸಿ, ಮನೆಗೊಂದು ಬೆಕ್ಕು ಇರಲೆಂದು ಬರೆದರು. ಬೆಕ್ಕಿಗೂ ಪ್ಲೇಗು ತಗಲುತ್ತದೆ. ಅದೊಂದರಿಂದಲೇ ಪಿಡುಗು ನಿಲ್ಲುವುದಿಲ್ಲವೆಂಬುದೂ ದಿಟ. ಹಾಗಿದ್ದರೂ ಲಂಡನಿನಲ್ಲಿ ಕೊಲೆಗಾರನೆಂದು ಹಿಡಿದ ಪ್ರಾಣಿಯನ್ನೇ ಇಲ್ಲಿ ಕಾವಲುಗಾರನೆಂದು ಕರೆದದ್ದು ಗಮನಾರ್ಹ.

ಈಗ ನಮ್ಮ ಕಾಲಕ್ಕೆ ಬರೋಣ. ಪಟ್ಟಣವಾಸವು ಈ ಎರಡು ಒಡಂಬಡಿಕೆಗಳ ಬೇರನ್ನೇ ಸಡಿಲಿಸಿದೆ. ಬೇಟೆ ಇಲ್ಲ, ಮಂದೆ ಇಲ್ಲ. ನಾಯಿಗೆ ಮಾಡುವ ಕೆಲಸವಿಲ್ಲ. ಕಣಜವಿಲ್ಲ, ಅಕ್ಕಿ ಡಬ್ಬಿಯಲ್ಲಿದೆ, ಬೆಕ್ಕಿಗೂ ಕೆಲಸವಿಲ್ಲ. ಉಳಿದದ್ದು ಸಾಹಚರ್ಯವೊಂದೇ. ಇದು ಮೂರನೆಯ ಒಡಂಬಡಿಕೆ. ಇದರಲ್ಲಿ ಪ್ರಾಣಿಗೆ ಬೇಕಾದದ್ದು ಅನ್ನ ಮಾತ್ರವಲ್ಲ, ನಮ್ಮ ಹೊತ್ತು. ಅದನ್ನು ಕೊಡಲಾರದವರು ನಾಯಿಯನ್ನು ಹಗಲೆಲ್ಲ ಸರಪಣಿಯಲ್ಲಿ ಕಟ್ಟುತ್ತಾರೆ. ಮರಿಯ ಮುದ್ದು ಮುಗಿದ ಮೇಲೆ ಬೀದಿಗೆ ಬಿಡುತ್ತಾರೆ. ಬೀದಿಗೆ ಬಿಟ್ಟ ನಾಯಿಯು ಕಣ್ಮರೆಯಾಗುವುದಿಲ್ಲ. ಮರಿ ಹಾಕಿ ಹೆಚ್ಚುತ್ತದೆ, ಹಸಿಯುತ್ತದೆ, ಕಚ್ಚುತ್ತದೆ.

ಈ ಮಾತಿನ ಗುರುತ್ವವನ್ನು ಮರೆಯಬಾರದು. ಮನುಷ್ಯರಿಗೆ ತಗಲುವ ಹುಚ್ಚುನಾಯಿ ರೋಗದಲ್ಲಿ ನೂರಕ್ಕೆ ತೊಂಬತ್ತೊಂಬತ್ತರಷ್ಟು ನಾಯಿಯಿಂದಲೇ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಬಹುಮಟ್ಟಿಗೆ ಇಲ್ಲವೇ ಇಲ್ಲ. ಸಾಯುವವರಲ್ಲಿ ಮಕ್ಕಳು ಬಹಳ. ಪ್ಯಾಸ್ಚರ್ ಮಹಾಶಯನು 1885ರಲ್ಲಿಯೇ ಇದಕ್ಕೆ ಚುಚ್ಚುಮದ್ದು ಕೊಟ್ಟನು. 1907ರಲ್ಲಿ ಕೂನೂರಿನಲ್ಲಿ ದಕ್ಷಿಣ ಇಂಡಿಯದ ಪ್ಯಾಸ್ಚರ್ ಸಂಸ್ಥೆ ಸ್ಥಾಪಿತವಾಯಿತು. ಮದ್ದು ಇದ್ದೂ ಜನ ಸಾಯುತ್ತಿರುವುದು ನಮ್ಮ ಪಾಲಿನ ಕರ್ತವ್ಯಲೋಪ. ಕೊಂದು ಮುಗಿಸುವ ಉಪಾಯವೂ ಹಳೆಯದೇ. 1832ರ ಜೂನ್ ತಿಂಗಳಿನಲ್ಲಿ ಬೊಂಬಾಯಿಯ ಸರ್ಕಾರದವರು ಬೀದಿನಾಯಿಗಳನ್ನು ಕೊಲ್ಲಿಸಹೊರಟಾಗ, ನಾಯಿಯನ್ನು ಪವಿತ್ರವೆಂದು ಭಾವಿಸುವ ಪಾರಸಿಗಳು ಎದ್ದು ನಿಂತು ನಗರದಲ್ಲಿ ದೊಂಬಿಯೇ ಆಯಿತು. ಅದಾಗಿ ಸುಮಾರು ಎರಡು ಶತಮಾನಗಳಾದರೂ ಬೀದಿನಾಯಿ ಇದ್ದೇ ಇದೆ. ಊರಿನ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಾದರೂ ಚುಚ್ಚುಮದ್ದು ಹಾಕಿಸಿದರೆ ರೋಗದ ಸರಪಣಿ ಕಡಿಯುತ್ತದೆಂದು ಬಲ್ಲವರು ಹೇಳುತ್ತಾರೆ. ಕಡಿಯಬೇಕಾದ ಸರಪಣಿ ಅದು.

ಹಾಗಾದರೆ ತೀರ್ಪೇನು? ಚರಿತ್ರೆಯ ಸಾಕ್ಷ್ಯದಿಂದ ನನಗೆ ತೋರುವುದು ಇಷ್ಟು. ಪ್ರೀತಿಯ ಆಳದಲ್ಲಿ ನಾಯಿಯೇ ಮೇಲು. ಅದು ಮನುಷ್ಯನನ್ನೇ ನಂಬಿ ಬಂದ ಪ್ರಾಣಿ. ಆದುದರಿಂದಲೇ ಅದನ್ನು ಸಾಕುವ ಹೊಣೆಯೂ ಹೆಚ್ಚು. ದಿನದಲ್ಲಿ ಎರಡು ಹೊತ್ತು ಅದರೊಡನೆ ನಡೆಯುವ ಬಿಡುವಿಲ್ಲದವನು, ಅದಕ್ಕೆ ಕಾಲಕಾಲಕ್ಕೆ ಚುಚ್ಚುಮದ್ದು ಹಾಕಿಸದವನು, ನಾಯಿಯ ಮಾತೆತ್ತಬಾರದು. ಪಟ್ಟಣದ ಕಿರುಮನೆಯಲ್ಲಿ, ಹಗಲು ಕಚೇರಿಯಲ್ಲಿ ಕಳೆಯುವ ಗೃಹಸ್ಥನಿಗೆ ಬೆಕ್ಕೇ ಮೇಲು. ಅದು ನಮ್ಮಿಂದ ಕೇಳುವುದು ಕಡಿಮೆ, ಕೇಳಿದಷ್ಟನ್ನು ನಾವು ಕೊಡಬಲ್ಲೆವು. ಅಷ್ಟನ್ನೂ ಕೊಡಲಾರದವರು ಎರಡನ್ನೂ ಸಾಕದಿರುವುದೇ ಧರ್ಮ. ಹದಿನಾಲ್ಕು ಸಾವಿರ ವರ್ಷಗಳ ಹಿಂದೆ ಕಾಡಿನಲ್ಲಿ ಅಲೆಯುತ್ತಿದ್ದ ಅಕ್ಷರ ತಿಳಿಯದ ಜನ ಕೆಲಸಕ್ಕೆ ಬಾರದ ಮರಿಯೊಂದನ್ನು ವಾರಗಟ್ಟಲೆ ಶುಶ್ರೂಷೆ ಮಾಡಿದರು. ಅಷ್ಟನ್ನು ಮಾಡಬಲ್ಲೆವೆ ಎಂದು ಮರಿಯನ್ನು ಮನೆಗೆ ತರುವ ಮುಂಚೆ ತಮ್ಮನ್ನು ತಾವು ಕೇಳಿಕೊಳ್ಳುವುದು ಓದು ಬಲ್ಲ ನಮಗೆ ಕಷ್ಟವಾಗಲಾರದು.