ಬಳ್ಳಿಗಾವಿಯ ಅಲ್ಲಮ, ಚೀನಾದ ಲಾವೋತ್ಸು, ಲಂಡನ್ನಿನ ಎಲಿಯಟ್: ಈ ಮೂವರು ಸಿಗೋದೆಲ್ಲಿ?

ಇವತ್ತಿನ ಪ್ರಶ್ನೆ ಎಂ.ಎ. ಪರೀಕ್ಷೆಯದ್ದರ ಥರ ಇದೆ: ಚೀನಾದ ತಾವೋ ಚಿಂತನೆಗೂ ಇಂಗ್ಲಿಷಿನ ಮಾಡರ್ನಿಸ್ಟ್ ಸಾಹಿತ್ಯಕ್ಕೂ ಏನು ಹೋಲಿಕೆ? ಗಾಬರಿಯಾಗಬೇಡಿ. ಈ ಪ್ರಶ್ನೆ ಹಿಡಿದು ಹೊರಟರೆ ನಾವು ಬಂದು ನಿಲ್ಲೋದು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ.

ಮೊದಲು ಇಂಗ್ಲಿಷ್ ಕಥೆ ಬೇಗ ಮುಗಿಸಿಬಿಡ್ತೀನಿ. 1889ರಲ್ಲಿ ಹರ್ಬರ್ಟ್ ಜೈಲ್ಸ್ ತಾವೋ ಚಿಂತಕ ಚುವಾಂಗ್‌ತ್ಸುವನ್ನು ಇಂಗ್ಲಿಷಿಗೆ ತಂದ. ಮರುವರ್ಷ ಅದಕ್ಕೆ ವಿಮರ್ಶೆ ಬರೆದವನು ಆಸ್ಕರ್ ವೈಲ್ಡ್. 1915ರಲ್ಲಿ ಎಜ್ರಾ ಪೌಂಡ್ ಚೀನೀ ಕವಿತೆಗಳ 'ಕ್ಯಾಥೇ' ಅನ್ನೋ ಪುಟ್ಟ ಪುಸ್ತಕ ತಂದ. ಪೌಂಡನಿಗೆ ಆಗ ಚೀನೀ ಭಾಷೆ ಬರ್ತಿರಲಿಲ್ಲ. ಅರ್ನೆಸ್ಟ್ ಫೆನೊಲೋಸಾ ಜಪಾನೀ ಗುರುಗಳ ಹತ್ತಿರ ಕಲಿತು ಬರೆದಿಟ್ಟ ಟಿಪ್ಪಣಿಗಳೇ ಅವನಿಗೆ ಆಧಾರ. ಹಾಗಾಗಿ ತಾವೋ ಒಲವಿನ ಕವಿ ಲಿ ಪೋ ಅದರಲ್ಲಿ 'ರಿಹಾಕು' ಅನ್ನೋ ಜಪಾನೀ ಹೆಸರಲ್ಲಿ ಬರ್ತಾನೆ. ತಮಾಷೆ ಅಂದ್ರೆ, ಇದೇ ಪೌಂಡ್ ಮುಂದೆ ಕನ್‌ಫ್ಯೂಷಿಯಸ್ ಕಡೆ ವಾಲಿ, ತಾವೋ ಪಂಥದವರನ್ನು ತನ್ನ ಕಾವ್ಯದಲ್ಲೇ ಬೈದ. ಇನ್ನು ಎಲಿಯಟ್. ಹಾರ್ವರ್ಡ್‌ನಲ್ಲಿ ಸಂಸ್ಕೃತ ಕಲಿತ ಅವನು 1922ರ 'ದಿ ವೇಸ್ಟ್ ಲ್ಯಾಂಡ್' ಕವಿತೆಗೆ ಪೂರ್ವದಿಂದ ತಂದದ್ದು ಬುದ್ಧನನ್ನು, ಬೃಹದಾರಣ್ಯಕ ಉಪನಿಷತ್ತನ್ನು. ಹಾಗಾಗಿ, ತಾವೋದಿಂದಲೇ ಮಾಡರ್ನಿಸಂ ಹುಟ್ಟಿತು ಅನ್ನೋ ಮಾತು ನಿಲ್ಲಲ್ಲ.

ಆದರೂ ಹೋಲಿಕೆ ಇದೆ, ಅದಕ್ಕೆ ಕಾರಣವೂ ಇದೆ. 1914ರಿಂದ 1918ರವರೆಗಿನ ಯುದ್ಧ ಯುರೋಪಿನಲ್ಲಿ ದೇಶ, ಮಾನ, ತ್ಯಾಗ ಅನ್ನೋ ದೊಡ್ಡ ದೊಡ್ಡ ಮಾತುಗಳನ್ನೆಲ್ಲ ಸವೆಸಿಹಾಕಿತ್ತು. ಕವಿಗಳು ಮಾತನ್ನೇ ಅನುಮಾನದಿಂದ ನೋಡತೊಡಗಿದರು. ಲಾವೋತ್ಸುವಿನ ಹೆಸರಲ್ಲಿರೋ ಪುಸ್ತಕವೂ ಚೀನಾದ ರಾಜ್ಯಗಳು ಒಂದನ್ನೊಂದು ನುಂಗುತ್ತಿದ್ದ ಕಾಲದ್ದು. ಯಾವುದು ನಿಜವೋ ಅದು ಹೆಸರಿಟ್ಟ ಕೂಡಲೇ ಕೈಜಾರುತ್ತೆ ಅನ್ನೋದು ಅದರ ಮೊದಲ ಪಟ್ಟು.

ಈಗ ನಮ್ಮೂರಿಗೆ ಬರೋಣ. ಬಳ್ಳಿಗಾವಿ ಇರೋದು ಶಿರಾಳಕೊಪ್ಪದ ಹತ್ತಿರ. ಈಗ ನೋಡಿದರೆ ಕೆರೆ, ಗದ್ದೆ, ಮಧ್ಯೆ ಕೇದಾರೇಶ್ವರ ದೇವಸ್ಥಾನ ಇರೋ ಒಂದು ಹಳ್ಳಿ. 12ನೇ ಶತಮಾನದಲ್ಲಿ ಅದು ದೊಡ್ಡ ವಿದ್ಯಾಪಟ್ಟಣ. ಬಿ.ಎಲ್. ರೈಸ್ ಸಂಪಾದಿಸಿ 1902ರಲ್ಲಿ ಪ್ರಕಟವಾದ 'ಎಪಿಗ್ರಾಫಿಯಾ ಕರ್ನಾಟಿಕಾ' ಏಳನೇ ಸಂಪುಟದಲ್ಲಿ ಅಲ್ಲಿನ 1162ರ ಒಂದು ಶಾಸನ ಇದೆ. ಬಿಜ್ಜಳನ ಕಾಲದ್ದು. ಕೋಡಿಯ ಮಠದಲ್ಲಿ ಏನೇನು ಓದಿಸ್ತಿದ್ದರು ಅಂತ ಅದು ಪಟ್ಟಿ ಕೊಡುತ್ತೆ: ವೇದಗಳು, ಪಾಣಿನಿ, ಶಾಕಟಾಯನ, ನ್ಯಾಯ, ಸಾಂಖ್ಯ, ಬೌದ್ಧ ದರ್ಶನ, ಲಾಕುಳ ಸಿದ್ಧಾಂತ, ಪತಂಜಲಿಯ ಯೋಗ, ಕಾವ್ಯ, ನಾಟಕ. ಜೊತೆಗೆ ಬಡವರಿಗೆ ಅನ್ನ, ರೋಗಿಗಳಿಗೆ ಔಷಧ. ಈಗಿನ ಎಷ್ಟೋ ವಿಶ್ವವಿದ್ಯಾಲಯಗಳ ಪ್ರಾಸ್ಪೆಕ್ಟಸ್ ಇದರ ಮುಂದೆ ಸಪ್ಪೆ.

ಪರಂಪರೆ ಹೇಳುವಂತೆ ಅಲ್ಲಮ ಹುಟ್ಟಿದ್ದು ಈ ಊರಲ್ಲಿ. ಇಷ್ಟೊಂದು ಶಾಸ್ತ್ರ, ಇಷ್ಟೊಂದು ವಾದ ಕಿವಿಗೆ ಬೀಳುತ್ತಿದ್ದ ಊರಿನವನಿಗೆ ಮಾತಿನ ಮೇಲೆ ಅನುಮಾನ ಹುಟ್ಟಿದ್ದು ಆಶ್ಚರ್ಯವಲ್ಲ ಅನ್ನೋದು ನನ್ನ ಊಹೆ. ಹರಿಹರನ ರಗಳೆಯಲ್ಲಿ ಅವನು ಮದ್ದಳೆ ಬಾರಿಸುವವನು. ಇಲ್ಲಿ ಒಂದು ಕ್ಷಣ ನಿಲ್ಲಿ. ಗಾಲಿಯ ಗುಂಬದಲ್ಲಿ ತೂತಿಲ್ಲದಿದ್ದರೆ ಗಾಡಿ ಓಡಲ್ಲ, ಮಡಕೆಯೊಳಗೆ ಖಾಲಿ ಇಲ್ಲದಿದ್ದರೆ ಅದು ಮಡಕೆಯೇ ಅಲ್ಲ ಅಂತ ಲಾವೋತ್ಸು ತೋರಿಸ್ತಾನೆ. ಮದ್ದಳೆಯವನಿಗೆ ಇದನ್ನ ಯಾರೂ ಹೇಳಿಕೊಡಬೇಕಿಲ್ಲ. ಒಳಗೆ ಟೊಳ್ಳಿಲ್ಲದ ಮದ್ದಳೆ ನುಡಿಯುತ್ತಾ?

'ಶೂನ್ಯಸಂಪಾದನೆ'ಯ ಗೋರಕ್ಷನ ಪ್ರಸಂಗ ನನಗೆ ತುಂಬಾ ಇಷ್ಟ. ಗೋರಕ್ಷ ಸಾಧನೆಯಿಂದ ಮೈಯನ್ನೇ ವಜ್ರ ಮಾಡಿಕೊಂಡವನು. ಅಲ್ಲಮ ಕತ್ತಿ ಬೀಸಿದರೆ ಮೈಮೇಲೆ ಖಣ್ ಅಂತ ಸದ್ದು. ಆಮೇಲೆ ಗೋರಕ್ಷ ಅಲ್ಲಮನ ಮೇಲೆ ಬೀಸುತ್ತಾನೆ. ಕತ್ತಿ ಗಾಳಿಯಲ್ಲಿ ಹೋದ ಹಾಗೆ ಈ ಕಡೆಯಿಂದ ಆ ಕಡೆ ಹೋಗುತ್ತೆ. ಚೀನಾದಲ್ಲೂ ಇದೇ ಜಗಳ ಇತ್ತು. ತಾವೋ ಹೆಸರಲ್ಲೇ ಸಾವಿಲ್ಲದ ದೇಹಕ್ಕಾಗಿ ಪಾದರಸದಂಥ ರಸಾಯನಗಳನ್ನು ಅರೆದವರಿದ್ದರು. ಅಂಥ ಔಷಧ ಕುಡಿದು ಸತ್ತ ತಾಂಗ್ ದೊರೆಗಳೂ ಇದ್ದಾರೆ. ಗಟ್ಟಿಯಾಗೋದಾ, ಖಾಲಿಯಾಗೋದಾ ಅನ್ನೋದು ಎರಡೂ ಕಡೆಯ ಪ್ರಶ್ನೆ.

ಸೊರಬದವರು ನಮ್ಮನ್ನ ಮರೆತ್ರಾ ಅಂತ ಕೇಳೋ ಮೊದಲೇ ಗುಡಿಗಾರರ ವಿಷಯಕ್ಕೆ ಬರ್ತೀನಿ. ಸೊರಬ, ಸಾಗರದ ಗುಡಿಗಾರರು ಗಂಧದ ಕೆತ್ತನೆಗೆ ಹೆಸರಾದವರು. ಚುವಾಂಗ್‌ತ್ಸುವಿನಲ್ಲಿ ಅಂಥದೇ ಒಬ್ಬ ಮರಗೆತ್ತನೆಯವನ ಕಥೆ ಇದೆ. ಗಂಟೆ ತೂಗುಹಾಕುವ ಚೌಕಟ್ಟು ಕೆತ್ತೋಕೆ ಮೊದಲು ಅವನು ಉಪವಾಸ ಇರ್ತಾನೆ. ಮೊದಲು ಸಂಬಳ ಮರೀತಾನೆ, ಆಮೇಲೆ ಹೊಗಳಿಕೆ, ಕೊನೆಗೆ ತನ್ನ ಕೈಕಾಲನ್ನೇ ಮರೀತಾನೆ. ಆಮೇಲೆ ಕಾಡಿಗೆ ಹೋದರೆ ಮರದೊಳಗೇ ಚೌಕಟ್ಟು ಕಾಣುತ್ತೆ. ಕವಿ ತನ್ನ ವ್ಯಕ್ತಿತ್ವ ತೋರಿಸಿಕೊಳ್ಳೋನಲ್ಲ, ಅದರಿಂದ ಬಿಡಿಸಿಕೊಳ್ಳೋನು ಅಂತ ಎಲಿಯಟ್ 1919ರ ಒಂದು ಪ್ರಬಂಧದಲ್ಲಿ ವಾದಿಸಿದ್ದು ಇದಕ್ಕೆ ತೀರಾ ಹತ್ತಿರ.

ಆದರೆ ಬಳ್ಳಿಗಾವಿ ಅಷ್ಟು ಸುಲಭಕ್ಕೆ ಒಪ್ಪಲ್ಲ. ಬೇಲೂರಿನ ಚೆನ್ನಕೇಶವ ದೇವಸ್ಥಾನದ ಶಿಲ್ಪಗಳ ಕೆಳಗೆ ದಾಸೋಜ, ಅವನ ಮಗ ಚಾವಣ ಅಂತ ಹೆಸರು ಕೆತ್ತಿದೆ. ಇಬ್ಬರೂ ಬಳ್ಳಿಗಾವಿಯವರೇ! ಒಂದೇ ಊರು: ಶಿಲ್ಪಿ ಕಲ್ಲಿನ ಮೇಲೆ ಹೆಸರು ಹಾಕ್ತಾನೆ, ವಚನಕಾರ ತನ್ನ ಹೆಸರು ಬಿಟ್ಟು 'ಗುಹೇಶ್ವರ' ಅಂತಾನೆ. ನಮ್ಮವರೆಲ್ಲ ಅಹಂಕಾರ ಬಿಟ್ಟವರು ಅಂತ ಸ್ಟೇಟಸ್ ಹಾಕೋ ಮೊದಲು ದಾಸೋಜನನ್ನ ನೆನಪಿಡಿ.

ಹಾಗಾದರೆ ಅಲ್ಲಮ, ತಾವೋ, ಎಲಿಯಟ್ ನಮ್ಮ ತಲೆಯಲ್ಲಿ ಒಟ್ಟಿಗೆ ಬಂದದ್ದು ಹೇಗೆ? ಅನುವಾದದಿಂದ, ಅದೂ ಇಂಗ್ಲಿಷ್ ದಾರಿಯಲ್ಲಿ. ಎಲಿಯಟ್‌ನನ್ನು ಓದಿ ಅರಗಿಸಿಕೊಂಡಿದ್ದ ಗೋಪಾಲಕೃಷ್ಣ ಅಡಿಗರು 1960ರ ದಶಕದಲ್ಲಿ ಸೊರಬದ ಪಕ್ಕದ ಸಾಗರದಲ್ಲೇ ಕಾಲೇಜು ಪ್ರಿನ್ಸಿಪಾಲರಾಗಿದ್ದರು. ಇಂಗ್ಲಿಷ್ ಸಾಹಿತ್ಯದ ಮೇಷ್ಟ್ರು ಯು.ಆರ್. ಅನಂತಮೂರ್ತಿ ಲಾವೋತ್ಸುವನ್ನು 'ದಾವ್ ದ ಜಿಂಗ್' ಅಂತ ಕನ್ನಡಕ್ಕೆ ತಂದರು. 1973ರಲ್ಲಿ ಎ.ಕೆ. ರಾಮಾನುಜನ್ ಅವರ 'ಸ್ಪೀಕಿಂಗ್ ಆಫ್ ಶಿವ' ಬಂತು. ಅದರಲ್ಲಿರೋ ನಾಲ್ವರು ವಚನಕಾರರಲ್ಲಿ ಇಬ್ಬರು, ಅಲ್ಲಮ ಮತ್ತು ಅಕ್ಕ, ಶಿಕಾರಿಪುರ ತಾಲ್ಲೂಕಿನವರು!

ತಾಳೆಗರಿಯಲ್ಲಿ ವಚನಕ್ಕೆ ಸಾಲು ಮುರಿಯೋ ಪದ್ಧತಿ ಇಲ್ಲ, ಒಂದೇ ಸಮ ಹೋಗುತ್ತೆ. ರಾಮಾನುಜನ್ ಅದನ್ನು ಸಣ್ಣ ಸಾಲುಗಳಾಗಿ ಮುರಿದು, ನಡುವೆ ಜಾಗ ಬಿಟ್ಟು ಪುಟದ ಮೇಲೆ ಇಳಿಸಿದರು. ಗುಹೇಶ್ವರ 'ಗುಹೆಗಳ ಒಡೆಯ' ಆದ. ಓದಿದರೆ ಥೇಟ್ ಮಾಡರ್ನಿಸ್ಟ್ ಕವಿತೆ. 1992ರಲ್ಲಿ ತೇಜಸ್ವಿನಿ ನಿರಂಜನ 'ಸೈಟಿಂಗ್ ಟ್ರಾನ್ಸ್‌ಲೇಷನ್' ಪುಸ್ತಕದಲ್ಲಿ ಇದನ್ನೇ ಪ್ರಶ್ನಿಸಿದರು: ಪಶ್ಚಿಮದ ಓದುಗರಿಗೆ ಒಗ್ಗುವ ಹಾಗೆ ಅಲ್ಲಮನನ್ನು ತಿದ್ದಿದ್ದಲ್ಲವೇ ಅಂತ. ನನಗೆ ಅವರ ಮಾತಲ್ಲೇ ತೂಕ ಜಾಸ್ತಿ ಕಾಣುತ್ತೆ. ರಾಮಾನುಜನ್ ಮಾಡಿದ ಕೆಲಸ ದೊಡ್ಡದು, ಅದು ಬೇರೆ ಮಾತು. ಆದರೆ ನಾವೇ ಅಲ್ಲಮನನ್ನು ಮೊದಲು ಇಂಗ್ಲಿಷಿನಲ್ಲಿ ಓದಿ, ಅರೆ, ಎಲಿಯಟ್ ಥರ ಇದ್ದಾನಲ್ಲ ಅಂದರೆ, ನಾವು ಕಂಡದ್ದು ಅಲ್ಲಮನನ್ನಲ್ಲ, ಅನುವಾದದ ರೀತಿಯನ್ನ.

ಒಂದು ಪದ ನೋಡಿ. ಶೂನ್ಯಕ್ಕೆ ಇಂಗ್ಲಿಷಿನವರು ಎಂಪ್ಟಿನೆಸ್ ಅಂತಾರೆ. ಅದರಲ್ಲಿ ಏನೋ ಇಲ್ಲ, ಏನೋ ಕಳೆದುಹೋಗಿದೆ ಅನ್ನೋ ಧ್ವನಿ ಇದೆ. ಯುದ್ಧ ಕಂಡ ಲಂಡನ್ನಿಗೆ ಅದು ಸರಿಯೇ. ವಚನಕಾರರ ಪದ 'ಬಯಲು'. ಶಿಕಾರಿಪುರ, ಸೊರಬದ ಕಡೆ ಬಯಲು ಅಂದ್ರೆ ಕೊಯ್ಲು ಮುಗಿದ ಗದ್ದೆ, ದನ ಮೇಯೋ ಜಾಗ, ಹುಡುಗರು ಕ್ರಿಕೆಟ್ ಆಡೋ ಜಾಗ, ರಾತ್ರಿ ಆಟ ಕಟ್ಟೋ ಜಾಗ. ಅಲ್ಲಿ ಕೊರತೆ ಇಲ್ಲ, ಅಡ್ಡಿ ಇಲ್ಲ ಅಷ್ಟೇ. ಲಾವೋತ್ಸು ಗಾಲಿಯ ತೂತಿನಲ್ಲಿ ಕಂಡದ್ದೂ ಇದನ್ನೇ ಅಂತ ನನಗನ್ನಿಸುತ್ತೆ.

ಮುಂದಿನ ವಾರ ಅಲ್ಲಿಂದ ಸ್ವಲ್ಪವೇ ದೂರದ ಉಡುತಡಿಗೆ ಹೋಗೋಣ, ಅಕ್ಕಮಹಾದೇವಿಯ ಊರಿಗೆ.