ಸೂಳೆಕೆರೆ: ಹೆಸರಿನಲ್ಲಿ ಉಳಿದ ಋಣ

ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯಿಂದ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಪೂರ್ವಕ್ಕೆ, ಚನ್ನಗಿರಿ ಸೀಮೆಯ ಕಡೆಗೆ ಬಸ್ಸು ಹತ್ತಿದರೆ, ಬೆಟ್ಟಗಳ ನಡುವಿನ ಸೂಳೆಕೆರೆಯನ್ನು ಕಂಡು, ಗುಡ್ಡ ಹತ್ತಿ ಇಳಿದು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು. ಒಂದು ದಿನದ ಈ ತಿರುಗಾಟದಲ್ಲಿ ಕಣ್ಣಿಗೆ ಹಬ್ಬ; ಆದರೆ ಮನಸ್ಸಿನಲ್ಲಿ ಉಳಿಯುವುದು ಕೆರೆಯ ಹೆಸರು.

ಇದು ಏಷ್ಯಾದ ಎರಡನೇ ದೊಡ್ಡ ಕೆರೆ ಎಂದು ಹೇಳುವುದು ರೂಢಿ. ಆ ಪಟ್ಟದ ಮಾತು ಹೇಗೇ ಇರಲಿ, ಏರಿಯ ಮೇಲೆ ನಿಂತು ನೋಡಿದರೆ ಕಟ್ಟಿದವರ ಜಾಣ್ಮೆ ತಾನಾಗಿಯೇ ತಿಳಿಯುತ್ತದೆ. ಹರಿದ್ರಾ ಹಳ್ಳ ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಯಲ್ಲಿ ನುಗ್ಗಿ ಹರಿಯುತ್ತಿದ್ದ ಜಾಗ ಇದು. ಅಲ್ಲಿಗೆ ಸುಮಾರು 950 ಅಡಿ ಉದ್ದದ ಏರಿ ಹಾಕಿದರು. ಉಳಿದ ಗೋಡೆಯ ಕೆಲಸವನ್ನು ಬೆಟ್ಟಗಳೇ ಮಾಡಿದವು. ಅಷ್ಟು ಚಿಕ್ಕ ಏರಿಯ ಹಿಂದೆ ನೀರು ಹರಡಿಕೊಳ್ಳುವುದು ಸುಮಾರು 6,500 ಎಕರೆ. ಸಿದ್ಧನಾಲೆ, ಬಸವನಾಲೆ ಎಂಬ ಎರಡು ನಾಲೆಗಳು ಅಚ್ಚುಕಟ್ಟಿನ ಗದ್ದೆ ತೋಟಗಳಿಗೆ ನೀರೊಯ್ಯುತ್ತವೆ. ಹರಿದ್ರಾ ಮುಂದೆ ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ.

ಕೆರೆ ಕಟ್ಟಿದ್ದು 11–12ನೇ ಶತಮಾನದಲ್ಲಿ ಎಂಬುದು ಪ್ರತೀತಿ. ಕಟ್ಟಿಸಿದವಳು ರಾಜಕುಮಾರಿ ಶಾಂತವ್ವ. ಆದರೆ ಅವಳ ಕೆರೆಗೆ ಈ ಹೆಸರು ಹೇಗೆ ಬಂತು?

ಇದಕ್ಕೆ ಎರಡು ಉತ್ತರಗಳಿವೆ. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ (1897) ದಾಖಲಿಸಿರುವುದು ಶಾಪದ ಕಥೆ. ದೈವಾಂಶದ ಪುರುಷನೊಬ್ಬನ ಸಂಗ ಮಾಡಿದ ಅರಸನ ಮಗಳು ಪ್ರಾಯಶ್ಚಿತ್ತವೆಂದು ಕೆರೆ ಕಟ್ಟಿಸಿದಳು. ತಂದೆಯ ಪಟ್ಟಣವೇ ಅದರಲ್ಲಿ ಮುಳುಗಿತು. ಅವನು ಮಗಳನ್ನು ಸೂಳೆಯೆಂದು ಶಪಿಸಿದ. ಊರಿನವರು ಹೇಳುವ ಕಥೆ ಬೇರೆ. ಕೆರೆಗೆ ಬೇಕಾದ ನೆಲ ಸೂಳೆಯರದ್ದಾಗಿತ್ತಂತೆ. ಶಾಂತವ್ವ ಹೋಗಿ ಕೇಳಿದಾಗ ಅವರು ಹಣ ಕೇಳಲಿಲ್ಲ. ಕೆರೆಗೆ ತಮ್ಮ ಹೆಸರಿಡಬೇಕು ಎಂದರು. ಅವಳು ಒಪ್ಪಿದಳು.

ಒಂದು ಕಥೆಯಲ್ಲಿ ಹೆಸರು ಬೈಗುಳ. ಇನ್ನೊಂದರಲ್ಲಿ ಅದೇ ಹೆಸರು ನೆಲದ ಬೆಲೆ. ಎರಡನ್ನೂ ಇತಿಹಾಸವೆಂದು ಸಾಧಿಸಿ ತೋರಿಸಲು ಆಗದು. ಆದರೆ ಎರಡನೆಯ ಕಥೆ ಆ ಕಾಲಕ್ಕೆ ಹೊಂದದ ಮಾತೇನಲ್ಲ. ಬಾದಾಮಿ ಬಳಿಯ ಮಹಾಕೂಟದ ಶಾಸನವೊಂದು ಚಾಲುಕ್ಯ ದೊರೆ ವಿಜಯಾದಿತ್ಯನ (696–733) ಪ್ರಾಣವಲ್ಲಭೆ ವಿನಾಪೋಟಿಯ ದಾನವನ್ನು ಸಾರುತ್ತದೆ. ಅವಳನ್ನು ಸೂಳೆಯೆಂದು ಕರೆಯುವ ಆ ಶಾಸನ ಅವಳ ತಾಯಿ, ಅಜ್ಜಿಯರ ಹೆಸರನ್ನೂ ಗೌರವದಿಂದ ಹೇಳುತ್ತದೆ. 12ನೇ ಶತಮಾನದ ಶರಣೆಯರಲ್ಲಿ ಸೂಳೆ ಸಂಕವ್ವ ಒಬ್ಬಳು. ಕುಲವೃತ್ತಿಯ ಹೆಸರನ್ನು ಅವಳಿಂದ ಯಾರೂ ಕಿತ್ತುಹಾಕಲಿಲ್ಲ. ಆ ಪದ ಬರೀ ಬೈಗುಳವಾಗಿ ಉಳಿದದ್ದು ನಂತರದ ಸಂಗತಿ.

ಇಂದು ಫಲಕಗಳಲ್ಲಿ, ಪ್ರವಾಸಿ ಕೈಪಿಡಿಗಳಲ್ಲಿ ಇದು 'ಶಾಂತಿಸಾಗರ'. ಹೆಂಗಸರು ಮಕ್ಕಳ ಮುಂದೆ ಹೇಳಲು ಸಂಕೋಚವಾಗದ ಹೆಸರು, ನಿಜ. ಶಾಂತವ್ವನ ನೆನಪೂ ಅದರಲ್ಲಿದೆ. ಆದರೆ ಊರಿನವರ ಕಥೆಯನ್ನು ನಂಬುವುದಾದರೆ, ರಾಜಕುಮಾರಿಯ ಹೆಸರು ಉಳಿಸಿ ನೆಲ ಕೊಟ್ಟವರ ಹೆಸರು ಅಳಿಸುವುದು ಅವಳೇ ಕೊಟ್ಟ ಮಾತನ್ನು ಮುರಿದಂತೆ. ರೈತರ ಬಾಯಲ್ಲಿ ಮಾತ್ರ ಅದು ಇಂದಿಗೂ ಸೂಳೆಕೆರೆಯೇ.

ಋಣದ ಮಾತು ಹೆಸರಿಗೆ ನಿಲ್ಲುವುದಿಲ್ಲ. ಈ ಕೆರೆಯ ನೀರು ಬಯಲುಸೀಮೆಯ ಚಿತ್ರದುರ್ಗದವರೆಗೂ ಕುಡಿಯಲು ಹೋಗುತ್ತದೆ. ಆದರೆ ತಳದಲ್ಲಿ ಹೂಳು, ಅಂಚಿನಲ್ಲಿ ಒತ್ತುವರಿ. ಸರಿಯಾಗಿ ಅಳತೆ ಮಾಡಿ ಗಡಿ ಗುರುತಿಸಿ ಎಂದು ಸುತ್ತಲಿನ ಜನ ಹೋರಾಟ ನಡೆಸಿದ್ದಾರೆ. ಅತ್ತ ಸಾಸ್ವೆಹಳ್ಳಿಯ ಹೆಸರಿನಲ್ಲೇ ಈಗ ಏತ ನೀರಾವರಿ ಯೋಜನೆಯೊಂದಿದೆ. ತುಂಗಭದ್ರೆಯ ನೀರನ್ನು ಪಂಪಿನಿಂದ ಎತ್ತಿ ಸುತ್ತಲಿನ ತಾಲ್ಲೂಕುಗಳ ಕೆರೆ ತುಂಬಿಸುವುದು ಅದರ ಉದ್ದೇಶ. ತುಂಬಿಸಿದ ನೀರು ನಿಲ್ಲಬೇಕಾದರೂ ಕೆರೆಗಳು ಉಳಿದಿರಬೇಕಲ್ಲ!

ಏರಿಯ ಬಳಿ ಸಿದ್ಧೇಶ್ವರನ ಗುಡಿಯಿದೆ. ಕೈಮುಗಿದು ಪಕ್ಕದ ಗುಡ್ಡದ ಮೇಲೇರಿದರೆ ಒಂದು ಕಡೆ ನೀರು, ಇನ್ನೊಂದು ಕಡೆ ಅದೇ ನೀರಿನಿಂದ ಹಸಿರಾದ ಗದ್ದೆ. ನಡುವೆ 950 ಅಡಿಯ ಏರಿ. ಅದರಡಿಯ ನೆಲ ಯಾರದ್ದಾಗಿತ್ತು ಎಂಬುದನ್ನು ಹೇಳುವ ಕಲ್ಲು ಅಲ್ಲಿಲ್ಲ. ಅದನ್ನು ಹೇಳುವುದು ಹೆಸರು ಮಾತ್ರ.