ಅಡುಗೆಮನೆಯ ಪಿಟೀಲು ಪಬ್ಬಿಗೆ ಬಂದದ್ದು

ಐರ್ಲೆಂಡಿನ ಡಬ್ಲಿನ್‌ಗೆ ಎರಡೇ ದಿನಕ್ಕೆ ಹೋದರೂ ಒಂದು ಸಂಜೆಯನ್ನು ಪಬ್ಬಿನ ಸಂಗೀತಕ್ಕೆ ಇಟ್ಟುಕೊಳ್ಳಿ. ವೇದಿಕೆಯಿಲ್ಲ. ಮೇಜಿನ ಸುತ್ತ ಕೂತ ಏಳೆಂಟು ಜನ ಪಿಟೀಲು, ಕೊಳಲು ಹಿಡಿದು ಒಂದಾದ ಮೇಲೊಂದು ಮಟ್ಟು ನುಡಿಸುತ್ತಾರೆ. ಇದಕ್ಕೆ ‘ಸೆಷನ್’ ಎಂದು ಹೆಸರು. ನೋಡಿದರೆ ಅಜ್ಜ-ಮುತ್ತಜ್ಜರ ಕಾಲದ ಪದ್ಧತಿ ಅನ್ನಿಸುತ್ತದೆ. ಮಟ್ಟುಗಳೇನೋ ಹಳೆಯವೇ, ಆದರೆ ಪಬ್ಬಿನ ಕೂಟ ಅಷ್ಟು ಹಳೆಯದಲ್ಲ.

ಮೊದಲು ಈ ಸಂಗೀತ ಇದ್ದದ್ದು ಹಳ್ಳಿಯ ಅಡುಗೆಮನೆಗಳಲ್ಲಿ. ಒಲೆಯ ಪಕ್ಕ ಪಿಟೀಲು, ನಡುವೆ ಕುಣಿತ. 1935ರಲ್ಲಿ ಸಾರ್ವಜನಿಕ ನೃತ್ಯಕ್ಕೆ ನ್ಯಾಯಾಲಯದ ಲೈಸೆನ್ಸ್ ಬೇಕೆಂಬ ಕಾನೂನು ಬಂತು. ಎಷ್ಟೋ ಕಡೆ ಪಾದ್ರಿಗಳೂ ಪೊಲೀಸರೂ ಅದನ್ನೇ ಹಿಡಿದು ಮನೆಯ ಕುಣಿತವನ್ನೂ ನಿಲ್ಲಿಸಿದರು. ಇನ್ನೊಂದು ಕಡೆ ವಲಸೆ. ಎರಡನೇ ಮಹಾಯುದ್ಧದ ನಂತರ ಕೂಲಿ ಹುಡುಕಿ ಲಂಡನ್ ಸೇರಿದವರು ಬಾಡಿಗೆ ಕೋಣೆಯಲ್ಲಿ ಪಿಟೀಲು ನುಡಿಸಿದರೆ ಮನೆಯೊಡತಿ ಸುಮ್ಮನಿರುತ್ತಾಳೆಯೇ? ಕ್ಯಾಮ್ಡೆನ್ ಟೌನ್‌ನಂಥ ಬಡಾವಣೆಗಳ ಪಬ್ಬುಗಳಲ್ಲಿ ಸೇರತೊಡಗಿದರು. ಪರವೂರಿನಲ್ಲಿ ಕೂತು ಕನ್ನಡದ ಒಂದು ಹಾಡಿಗಾಗಿ ರೇಡಿಯೋ ತಿರುಗಿಸುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಅಭ್ಯಾಸವೇ ತವರಿಗೂ ಬಂದು ಬೇರೂರಿತು. ಡಬ್ಲಿನ್‌ನ ಮೆರಿಯನ್ ರೋ ಬೀದಿಯ ಓಡೊನಹ್ಯೂಸ್ ಪಬ್ಬಿನಲ್ಲಿ ಹಾಡುತ್ತಿದ್ದ ಗೆಳೆಯರು 1962ರಲ್ಲಿ ಕಟ್ಟಿದ ತಂಡ ಮುಂದೆ ‘ದಿ ಡಬ್ಲಿನರ್ಸ್’ ಎಂದು ಹೆಸರಾಯಿತು.

ಊಟಕ್ಕೆ ಊರಿನದೇ ಆದ ‘ಕಾಡಲ್’ ಇದೆ: ಆಲೂಗಡ್ಡೆ, ಈರುಳ್ಳಿ, ಹಂದಿಮಾಂಸದ ಸಾಸೇಜು ಗಂಟೆಗಟ್ಟಲೆ ಬೆಂದ ಬಡವರ ಅಡುಗೆ. ಸಸ್ಯಾಹಾರಿಗಳು ಸೋಡಾ ಬ್ರೆಡ್ ಕೇಳಿ. ಈಸ್ಟ್ ಇಲ್ಲದೆ, ಮಜ್ಜಿಗೆ ಮತ್ತು ಅಡುಗೆ ಸೋಡಾದಲ್ಲಿ ಉಬ್ಬುವ ರೊಟ್ಟಿ. ಬೆಣ್ಣೆ ಸವರಿದರೆ ಸಾಕು.

ಟಿಪ್ಸ್ ವಿಷಯದಲ್ಲಿ ಅಮೆರಿಕದ ಲೆಕ್ಕ ಇಲ್ಲಿ ಬೇಡ. ಪಬ್ಬಿನ ಕಟ್ಟೆಯಲ್ಲಿ ನೀವೇ ನಿಂತು ಪಾನೀಯ ಕೊಂಡರೆ ಏನೂ ಇಡಬೇಕಿಲ್ಲ. ಮೇಜಿಗೆ ಬಡಿಸಿದ ಊಟಕ್ಕೆ ಶೇಕಡಾ 10ರಷ್ಟು ಕೊಟ್ಟರೆ ಚೆನ್ನ, ಆದರೆ ಬಿಲ್ಲಿನಲ್ಲಿ ಸೇವಾ ಶುಲ್ಕ ಮೊದಲೇ ಸೇರಿದೆಯೇ ನೋಡಿ. ಕಾರ್ಡಿನಲ್ಲಿ ಕೊಟ್ಟ ಟಿಪ್ಸ್ ಮಾಲೀಕರ ಜೇಬಿಗೆ ಹೋದೀತೆಂಬ ಅನುಮಾನಕ್ಕೂ ಉತ್ತರ ಸಿಕ್ಕಿದೆ: 2022ರ ಡಿಸೆಂಬರ್‌ನಿಂದ ಅದನ್ನು ಕೆಲಸಗಾರರಿಗೇ ನ್ಯಾಯವಾಗಿ ಹಂಚಬೇಕು, ಹೇಗೆ ಹಂಚುತ್ತೇವೆಂದು ಗಿರಾಕಿಗಳಿಗೆ ಕಾಣುವಂತೆ ಫಲಕವನ್ನೂ ಹಾಕಬೇಕು.

ಇನ್ನು ವಾದ್ಯಗಾರರು. ಕೂಟ ನಡೆಸುವ ಒಬ್ಬಿಬ್ಬರಿಗೆ ಪಬ್ಬಿನವರೇ ಹಣ ಕೊಡುವುದುಂಟು. ಉಳಿದವರು ಬರುವುದು ತಮ್ಮ ಖುಷಿಗೆ. ಅವರ ಮುಂದೆ ನಾಣ್ಯ ಎಸೆಯಬೇಡಿ. ಯಾರಾದರೂ ವಾದ್ಯವಿಲ್ಲದೆ ಒಂಟಿ ದನಿಯಲ್ಲಿ ಹಾಡಲು ಶುರುಮಾಡಿದರೆ ಮಾತು ನಿಲ್ಲಿಸಿ, ಗ್ಲಾಸು ಮೆಲ್ಲಗೆ ಕೆಳಗಿಡಿ.